92–0: ಸೋತವರ ಕಡೆಯಿಂದ ನೋಡಿದ ಚರಿತ್ರೆ

ಭಾಗ 1

ಫೋಟೋ ನಮ್ಮೂರಿನ ಬನ್ನಿಮಂಟಪದ್ದು. ಶ್ರೀರಂಗಪಟ್ಟಣ ದಸರಾದ ಜಂಬೂಸವಾರಿ ಹೊರಡೋದು ಇಲ್ಲಿಂದಾನೇ, ಕಿರಂಗೂರಿಂದ. ಈ ಪೇಜಲ್ಲಿ ಇದುವರೆಗೂ ಹಾಕಿರೋದೆಲ್ಲ ಹೆಚ್ಚುಕಮ್ಮಿ ಈ ಸುತ್ತಿನ ವಿಷಯಾನೇ: ಕೋಟೆ, ಗಂಜಾಂ, ನಾಲೆ, ವೆಲ್ಲೆಸ್ಲಿ ಸೇತುವೆ. ಈ ಸಲ ಐಸ್ ಹಾಕಿ. ನಗಬೇಡಿ. ನಮ್ಮ ಕಡೆ ಐಸ್ ನೋಡಬೇಕು ಅಂದ್ರೆ ಹೈವೇ ಪಕ್ಕದ ಕಬ್ಬಿನ ಹಾಲಿನ ಅಂಗಡಿಗೆ ಹೋಗಬೇಕು, ಅಲ್ಲೂ ಗೋಣಿಚೀಲದಲ್ಲಿ ಸುತ್ತಿಟ್ಟಿರ್ತಾರೆ ಅಂತ ನನಗೂ ಗೊತ್ತು.

ಇದಕ್ಕೆ ಕಾರಣ ನಮ್ಮ ಚಿಕ್ಕಪ್ಪನ ಮಗ. ಒಂಬತ್ತನೇ ಕ್ಲಾಸು. ಹೋಬಳಿ ಮಟ್ಟದ ಕಬಡ್ಡೀಲಿ ಅವನ ತಂಡ 51–9ರಲ್ಲಿ ಸೋತು ಬಂತು. ಸಂಜೆ ಆಗೋದ್ರೊಳಗೆ ಯಾರೋ ಸ್ಕೋರ್‌ಬೋರ್ಡ್ ಫೋಟೋ ಸ್ಟೇಟಸ್‌ಗೆ ಹಾಕಿ, ಪಕ್ಕದಲ್ಲಿ ನಗೋ ಎಮೋಜಿ ಸುರಿದಿದ್ರು. ಹುಡುಗ ಊಟ ಮಾಡಲಿಲ್ಲ. ಜೆರ್ಸಿ ಸುತ್ತಿ ಅಟ್ಟದ ಮೇಲೆ ಎಸೆದ. ಚಿಕ್ಕಮ್ಮ, "ಹೋಗ್ಲಿ ಬುಡ್ಲಾ, ಓದೋದ್ ನೋಡು" ಅಂದ್ರು. ಅದು ಸಮಾಧಾನವೋ ಇನ್ನೊಂದು ಏಟೋ ಅಂತ ಅವನಿಗೆ ಗೊತ್ತಾಗಲಿಲ್ಲ. ನನ್ನ ಹತ್ರ ಬಂದು, "ಅಕ್ಕ, ಇಷ್ಟ್ ಕೆಟ್ಟದಾಗಿ ಯಾರಾದ್ರೂ ಸೋತವ್ರಾ?" ಅಂದ.

ಸೋತಿದಾರೆ. ಅವನಿಗೆ ಹೇಳೋಕೆ ಒಂದು ಸ್ಕೋರ್ ನನ್ನ ಬಾಯಲ್ಲೇ ಇತ್ತು. ನಾಚಿಕೆ ವಿಷಯ ಏನಪ್ಪಾ ಅಂದ್ರೆ, ಎರಡು ವರ್ಷದ ಹಿಂದೆ ನಾನೇ ಅದನ್ನ ಸ್ಟೋರಿಗೆ ಹಾಕಿ, ಅದೇ ನಗೋ ಎಮೋಜಿ ಇಟ್ಟಿದ್ದೆ.

ದಕ್ಷಿಣ ಕೊರಿಯಾ 92, ಥಾಯ್ಲೆಂಡ್ 0. ಹದಿನೆಂಟು ವರ್ಷದೊಳಗಿನ ಹುಡುಗರ ಐಸ್ ಹಾಕಿ. ಇಸವಿ 1998.

ಚರಿತ್ರೆ ಓದೋಳು ನಾನು. ಕೋಟೆ ಬಿದ್ದ ಕಥೆಯನ್ನ ಗೆದ್ದೋರ ಡೈರಿಯಿಂದ ಮಾತ್ರ ಓದಬಾರದು ಅಂತ ಕ್ಲಾಸಲ್ಲಿ ದೊಡ್ಡದಾಗಿ ಮಾತಾಡ್ತೀನಿ. ಈ ಸ್ಕೋರನ್ನ ಮಾತ್ರ ಗೆದ್ದೋರ ಕಡೆಯಿಂದಾನೇ ನೋಡಿ ನಕ್ಕಿದ್ದೆ. ಹಂಗಾಗಿ ಈ ಸರಣಿ. ಉದ್ದ ಇದೆ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದ್ಕೊಳ್ಳಿ.

ಭಾಗ 2

ಮೊದಲು ಆಟ ಏನು ಅಂತ ಸ್ವಲ್ಪ. ಹಾಕಿ ಅಂದ ತಕ್ಷಣ ಕೊಡಗು ನೆನಪಾಗೋದು ಸಹಜ, ಆದ್ರೆ ಇದು ಬೇರೆ. ಹೆಪ್ಪುಗಟ್ಟಿಸಿದ ನೀರಿನ ಅಂಕಣ, ಅದಕ್ಕೆ ರಿಂಕ್ ಅಂತಾರೆ. ಅಂತಾರಾಷ್ಟ್ರೀಯ ಅಳತೆ ಉದ್ದ 60 ಮೀಟರ್, ಅಗಲ 30 ಮೀಟರ್. ಅಂದ್ರೆ ಹದಿಮೂರು ಕಬಡ್ಡಿ ಅಂಕಣ ಹಾಸಿದ್ರೂ ಇನ್ನೂ ಜಾಗ ಮಿಗುತ್ತೆ. ಚೆಂಡು ಇಲ್ಲ, ರಬ್ಬರಿನ ದಪ್ಪ ಬಿಲ್ಲೆ ಇದೆ, ಅದರ ಹೆಸರು ಪಕ್. ಒಂದು ಇಂಚು ದಪ್ಪ, ಮೂರು ಇಂಚು ಅಗಲ. ಕಾಲಿಗೆ ಬ್ಲೇಡ್ ಇರೋ ಬೂಟು. ಒಂದು ಕಡೆಗೆ ಗೋಲ್‌ಕೀಪರ್ ಸೇರಿ ಆರು ಜನ. ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ಅವಧಿ.

ಮುಖ್ಯ ವಿಷಯ ಒಂದಿದೆ. ಐಸ್ ಮೇಲೆ ಜೋರಾಗಿ ಓಡಿದ್ರೆ ಮುಕ್ಕಾಲು ನಿಮಿಷಕ್ಕೇ ಕಾಲು ಬಿದ್ದುಹೋಗುತ್ತೆ. ಅದಕ್ಕೆ ಒಳ್ಳೆ ತಂಡಗಳು ಆಟ ನಡೀತಿರೋವಾಗ್ಲೇ ಆಟಗಾರರನ್ನ ಬದಲಾಯಿಸ್ತಾ ಇರ್ತಾರೆ. ಐದು ಜನ ಒಳಗೆ ಹಾರ್ತಾರೆ, ಐದು ಜನ ಹೊರಗೆ ಬರ್ತಾರೆ. ಹೀಗೆ ಮೂರು ನಾಲ್ಕು ಗುಂಪು ಬೇಕು. ದೊಡ್ಡ ದೇಶಕ್ಕೆ ನಾಲ್ಕನೇ ಗುಂಪು ಕೂಡ ಚಿಕ್ಕ ವಯಸ್ಸಿಂದ ಐಸ್ ಮೇಲೇ ಬೆಳೆದವರದ್ದು. ಚಿಕ್ಕ ದೇಶದಲ್ಲಿ ಮೊದಲ ಗುಂಪು ಏನೋ ನಿಭಾಯಿಸುತ್ತೆ, ಎರಡನೇದು ಏದುಸಿರು ಬಿಡುತ್ತೆ, ಮೂರನೇದು ಇರೋದೇ ಇಲ್ಲ. ಕಬಡ್ಡೀಲಿ ಏಳು ಜನ ಗಟ್ಟಿ ಇದ್ರೆ ಒಂದು ಹಳ್ಳಿ ತಾಲ್ಲೂಕನ್ನೇ ಹೆದರಿಸಬಹುದು. ಐಸ್ ಹಾಕೀಲಿ ಆ ಆಟ ನಡೆಯಲ್ಲ. ಅದಕ್ಕೇ ಇಲ್ಲಿ ಸೋಲು ಅಂದ್ರೆ 5–0, 6–0ಕ್ಕೆ ನಿಲ್ಲಲ್ಲ, ಕಟ್ಟೆ ಒಡೆದಂಗೆ ಹರಿಯುತ್ತೆ.

ಇನ್ನೊಂದು, ಆ ಅಂಕಣ ಬಿಸಿಲಲ್ಲಿ ಕರಗುತ್ತೆ. ನಮಗೆ ಮೈದಾನ ಬೇಕಂದ್ರೆ ಸುಣ್ಣ ಎಳೆದ್ರೆ ಸಾಕು. ಬ್ಯಾಂಕಾಕ್‌ನಂಥ ಊರಲ್ಲಿ ಐಸ್ ಅಂದ್ರೆ ಕಟ್ಟಡ, ಕಂಪ್ರೆಸರ್, ಹಗಲೂ ರಾತ್ರಿ ಕರೆಂಟು. ಹುಡುಗನಿಗೆ ಒಂದು ಗಂಟೆ ಅಭ್ಯಾಸ ಬೇಕು ಅಂದ್ರೆ ಯಾರಾದ್ರೂ ಒಬ್ರು ಒಂದು ಗಂಟೆಯ ಐಸಿಗೆ ದುಡ್ಡು ಕೊಡಲೇಬೇಕು.

ಭಾಗ 3

1998ರ ಮಾರ್ಚ್. ಜಪಾನಿನ ನಾಗಾನೋದಲ್ಲಿ ಚಳಿಗಾಲದ ಒಲಿಂಪಿಕ್ಸ್ ಮುಗಿದು ಇನ್ನೂ ತಿಂಗಳಾಗಿಲ್ಲ. ಚೀನಾದಲ್ಲಿ ಏಷ್ಯಾ ಮತ್ತು ಓಷಿಯಾನಿಯಾದ 18 ವರ್ಷದೊಳಗಿನವರ ಚಾಂಪಿಯನ್‌ಷಿಪ್ ನಡೀತಿದೆ. ಥಾಯ್ ಹುಡುಗರು ಬಂದಿದ್ದು ಎಂಥ ವರ್ಷದಲ್ಲಿ ಅಂತ ನೋಡಿ. 1997ರ ಜುಲೈನಲ್ಲಿ ಥಾಯ್ಲೆಂಡಿನ ಬಾತ್ ಕುಸಿದು, ಅಲ್ಲಿಂದ ಇಡೀ ಪೂರ್ವ ಏಷ್ಯಾದ ದುಡ್ಡಿನ ಬಿಕ್ಕಟ್ಟು ಶುರುವಾಗಿತ್ತು. ಕಂಪನಿಗಳು ಮುಚ್ಚಿದ್ವು, ಕಟ್ಟಡಗಳು ಅರ್ಧಕ್ಕೆ ನಿಂತ್ವು, ದೇಶ ಐಎಂಎಫ್ ಸಾಲಕ್ಕೆ ಕೈಚಾಚಿತ್ತು. ಕೊರಿಯಾ ಕೂಡ ಅದೇ ವರ್ಷದ ಕೊನೆಗೆ ಐಎಂಎಫ್ ಬಾಗಿಲಿಗೆ ಹೋಯ್ತು. ಎರಡೂ ಕಡೆ ಸಾಲದ ದೇಶಗಳೇ. ಆದ್ರೆ ಒಂದು ಕಡೆ ಚಳಿಗಾಲ ಇತ್ತು, ಐಸಿನ ಹಳೇ ಅಭ್ಯಾಸ ಇತ್ತು.

60 ನಿಮಿಷಕ್ಕೆ 92 ಗೋಲು. ಭಾಗಿಸಿ ನೋಡಿ, ಸರಾಸರಿ 39 ಸೆಕೆಂಡಿಗೆ ಒಂದು. ಪ್ರತಿ ಗೋಲಿನ ನಂತರ ಎರಡೂ ತಂಡ ಮಧ್ಯದ ಗೆರೆಗೆ ಬಂದು ನಿಲ್ಲಬೇಕು, ರೆಫರಿ ಪಕ್ ಬೀಳಿಸ್ತಾರೆ, ಮತ್ತೆ ಆಟ. ಹಾಗೆ 92 ಸಲ ನಡಕೊಂಡು ಹೋಗಿ ನಿಂತಿದ್ದಾರೆ. ಸಾಂಗ್ ಡಾಂಗ್-ಹ್ವಾನ್ ಅನ್ನೋ ಕೊರಿಯಾ ಹುಡುಗ ಒಬ್ಬನೇ 31 ಗೋಲು ಹೊಡೆದ. ಅಂತಾರಾಷ್ಟ್ರೀಯ ಐಸ್ ಹಾಕೀಲಿ ಇದಕ್ಕಿಂತ ದೊಡ್ಡ ಅಂತರ ಇವತ್ತಿಗೂ ಇಲ್ಲ.

"ಯಾಕ್ ನಿಲ್ಲಿಸ್ಲಿಲ್ಲ ಅವ್ರು?" ಅಂತ ತಮ್ಮ ಕೇಳಿದ. ಒಳ್ಳೆ ಪ್ರಶ್ನೆ. ಕುಸ್ತೀಲಿ, ಬಾಕ್ಸಿಂಗಲ್ಲಿ ಅಂತರ ತೀರಾ ಹೆಚ್ಚಾದ್ರೆ ಪಂದ್ಯ ನಿಲ್ಲುತ್ತೆ. ಇಲ್ಲಿ 60 ನಿಮಿಷ ಅಂದ್ರೆ 60 ನಿಮಿಷಾನೇ. ಅದೂ ಅಲ್ಲದೆ ಟೂರ್ನಿಗಳಲ್ಲಿ ಅಂಕ ಸಮ ಆದ್ರೆ ಗೋಲಿನ ಲೆಕ್ಕ ನೋಡ್ತಾರೆ, ಅದಕ್ಕೆ ಯಾರೂ ಕೈ ಹಿಡಿಯಲ್ಲ. ಆಡೋರು ಇನ್ನೊಂದು ಮಾತು ಹೇಳ್ತಾರೆ: ಎದುರಾಳಿ ಮುಂದೆ ಬೇಕಂತ ನಿಧಾನಕ್ಕೆ ಆಡೋದು, ಪಕ್ ಕೊಟ್ಟು ಬಿಡೋದು ಇನ್ನೂ ದೊಡ್ಡ ಅವಮಾನ. ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. 20–0 ಆದ್ಮೇಲೆ ಕೋಚ್ ತನ್ನ ಚಿಕ್ಕ ಹುಡುಗರನ್ನ ಇಳಿಸಬಹುದು, ಹೊಸ ತಂತ್ರ ಪ್ರಯೋಗ ಮಾಡಬಹುದು. ಒಬ್ಬನಿಗೆ 31 ಗೋಲಾಗೋ ತನಕ ಬಿಡೋದು ಬೇರೆ. ಆದ್ರೆ ಅದು ಕೋಚ್‌ಗಳಿಗೆ ಕೇಳಬೇಕಾದ ಪ್ರಶ್ನೆ, ಹದಿಹರೆಯದ ಆಟಗಾರನಿಗಲ್ಲ.

ಥಾಯ್ಲೆಂಡ್ ಏನಾಯ್ತು ಅಂದ್ರಾ? ಆಟ ಬಿಡಲಿಲ್ಲ. 2017ರಲ್ಲಿ ಆಗ್ನೇಯ ಏಷ್ಯಾ ಕ್ರೀಡಾಕೂಟಕ್ಕೆ ಮೊದಲ ಸಲ ಐಸ್ ಹಾಕಿ ಸೇರಿಸಿದಾಗ ಫೈನಲ್ ಆಡಿದ್ದು ಫಿಲಿಪ್ಪೀನ್ಸ್ ಮತ್ತು ಥಾಯ್ಲೆಂಡ್. ಥಾಯ್ಲೆಂಡ್ 5–4ರಲ್ಲಿ ಸೋತು ಬೆಳ್ಳಿ ತಗೊಂಡಿತು. ಈ 5–4 ಯಾವ ಮೀಮ್‌ನಲ್ಲೂ ಬರಲ್ಲ.

ಕೊರಿಯಾ ಕಥೆ ಇನ್ನೂ ಮಜಾ. 2014ರಲ್ಲಿ ತಮ್ಮದೇ ಊರು ಗೋಯಾಂಗ್‌ನಲ್ಲಿ ಎರಡನೇ ದರ್ಜೆಯ ವಿಶ್ವ ಟೂರ್ನಿ ನಡೆಸಿ, ಐದಕ್ಕೆ ಐದೂ ಪಂದ್ಯ ಸೋತು ಕೆಳಗಿನ ದರ್ಜೆಗೆ ಇಳಿದ್ರು. ಮೂರೇ ವರ್ಷದಲ್ಲಿ ಏರಿ, 2017ರಲ್ಲಿ ಕೀವ್‌ನಲ್ಲಿ ಉಕ್ರೇನನ್ನ ಸೋಲಿಸಿ ಅತಿ ಮೇಲಿನ ದರ್ಜೆ ಸೇರಿದ್ರು. 2018ರಲ್ಲಿ ಅಲ್ಲಿ ಆಡಿದ ಏಳೂ ಪಂದ್ಯ ಸೋತ್ರು. ಕೆನಡಾ ವಿರುದ್ಧ 10–0. ಇಪ್ಪತ್ತು ವರ್ಷಕ್ಕೆ ಮುಂಚೆ 92 ಹೊಡೆದ ದೇಶ, ಮೇಲಕ್ಕೆ ಹತ್ತಿ ನೋಡಿದಾಗ ಅಲ್ಲಿ ತಾನೇ ಥಾಯ್ಲೆಂಡ್.

ಭಾಗ 4

ಈ ಭಾಗ ಚಿಕ್ಕದು, ಆದ್ರೆ ನನಗೆ ನಿದ್ದೆ ಕೆಡಿಸಿದ್ದು ಇದೇ.

2008ರ ಸೆಪ್ಟೆಂಬರ್, ಲಾಟ್ವಿಯಾ ದೇಶದ ಲಿಯೆಪಾಯಾ. ಮಹಿಳೆಯರ ಒಲಿಂಪಿಕ್ ಅರ್ಹತಾ ಸುತ್ತಿನ ಮುಂಚಿನ ಟೂರ್ನಿ. ಸ್ಲೊವಾಕಿಯಾ 82, ಬಲ್ಗೇರಿಯಾ 0. ಸ್ಲೊವಾಕಿಯಾದವರು ಗೋಲಿನತ್ತ ಹೊಡೆದಿದ್ದು 139 ಸಲ. ಬಲ್ಗೇರಿಯಾದವರು ಒಂದು ಸಲಾನೂ ಹೊಡೆಯೋಕೆ ಆಗಲಿಲ್ಲ.

ಎಲ್ಲ ಕಡೆ ಈ ಎರಡು ಸಂಖ್ಯೆ ಹಾಕ್ತಾರೆ: 82, 139. ಒಂದರಿಂದ ಒಂದನ್ನ ಕಳೆಯೋದಿಲ್ಲ. ಕಳೆದ್ರೆ 57. ಅಂದ್ರೆ ಬಲ್ಗೇರಿಯಾದ ಗೋಲ್ ಮುಂದೆ ನಿಂತಿದ್ದ ಹುಡುಗೀರು 57 ಹೊಡೆತ ತಡೆದಿದ್ದಾರೆ. ಸಾಮಾನ್ಯ ಪಂದ್ಯದಲ್ಲಿ ಒಬ್ಬ ಗೋಲ್‌ಕೀಪರ್ 30 ತಡೆದ್ರೆ ಬೆನ್ನು ತಟ್ಟತಾರೆ. ಆ ದಿನ 57 ತಡೆದರೂ ಉಳಿದಿದ್ದು ತಡೆಯೋಕಾಗದ 82 ಮಾತ್ರ.

ಅದೇ ಸ್ಲೊವಾಕಿಯಾ ಅರ್ಹತೆ ಪಡೆದು 2010ರ ವ್ಯಾಂಕೂವರ್ ಒಲಿಂಪಿಕ್ಸ್‌ಗೆ ಹೋಯ್ತು. ಮೊದಲ ಪಂದ್ಯ ಕೆನಡಾ ಮೇಲೆ. 18–0ರಲ್ಲಿ ಸೋಲು. ಆ ಒಲಿಂಪಿಕ್ಸಲ್ಲಿ ಇಂಥ ಸ್ಕೋರುಗಳನ್ನ ನೋಡಿ ಆಗಿನ ಒಲಿಂಪಿಕ್ ಸಮಿತಿ ಅಧ್ಯಕ್ಷ ಜಾಕ್ ರಾಗ್, ಸುಧಾರಣೆ ಕಾಣದಿದ್ರೆ ಮಹಿಳಾ ಐಸ್ ಹಾಕಿಯನ್ನ ಹೀಗೇ ಮುಂದುವರಿಸೋಕಾಗಲ್ಲ ಅನ್ನೋ ಅರ್ಥದ ಎಚ್ಚರಿಕೆ ಕೊಟ್ರು. ನೋಡಿ, ಇಲ್ಲಿ ಪಣಕ್ಕೆ ಬಿದ್ದಿದ್ದು ಬರೀ ಮಾನ ಅಲ್ಲ. ಸೋಲೋರು ತೀರಾ ಸೋಲ್ತಾರೆ ಅನ್ನೋ ಕಾರಣಕ್ಕೆ ಆಟವನ್ನೇ ತೆಗೆದುಹಾಕೋ ಮಾತು ಬಂದಿತ್ತು. ತೆಗೆದಿದ್ರೆ ನಷ್ಟ ಯಾರಿಗೆ? ಕೆನಡಾದ ಹುಡುಗೀರಿಗೆ ಆಡೋಕೆ ಜಾಗ ಬೇಕಾದಷ್ಟಿದೆ. ಪುಣ್ಯಕ್ಕೆ ತೆಗೀಲಿಲ್ಲ.

ಭಾಗ 5

ಈಗ ಡೆನ್ಮಾರ್ಕ್. ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ತಮ್ಮ ಎದ್ದು ಕೂತು ಕೇಳಿದ್ದು ಇದನ್ನ.

ಡೆನ್ಮಾರ್ಕ್ ಜನಸಂಖ್ಯೆ ಸುಮಾರು 60 ಲಕ್ಷ. ನಮ್ಮ ಕರ್ನಾಟಕದ್ದು 2011ರ ಜನಗಣತೀಲೇ 6 ಕೋಟಿ 11 ಲಕ್ಷ. ಮಂಡ್ಯ ಜಿಲ್ಲೆ 18 ಲಕ್ಷ. ಅಂದ್ರೆ ಮೂರು ಮಂಡ್ಯ ಸೇರಿಸಿ ಇನ್ನೊಂಚೂರು ಹಾಕಿದ್ರೆ ಒಂದು ಡೆನ್ಮಾರ್ಕ್. ಚಳಿ ದೇಶ ನಿಜ. ಆದ್ರೆ ಅಕ್ಕಪಕ್ಕದ ಸ್ವೀಡನ್, ಫಿನ್ಲೆಂಡ್ ಥರ ಐಸ್ ಹಾಕಿ ಅಲ್ಲಿ ಮನೆ ಮಾತಲ್ಲ. ಅವರ ಜೀವ ಇರೋದು ಫುಟ್‌ಬಾಲು, ಹ್ಯಾಂಡ್‌ಬಾಲಲ್ಲಿ.

1949ರ ಫೆಬ್ರವರಿ, ಸ್ಟಾಕ್‌ಹೋಮ್. ಡೆನ್ಮಾರ್ಕ್ ಮೊದಲ ಸಲ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದಿತ್ತು. ಎದುರಿಗೆ ಕೆನಡಾ. ಕೆನಡಾದವರು ಆಗ ದೇಶದ ಬೆಸ್ಟ್ ಆಟಗಾರರನ್ನೂ ಕಳಿಸ್ತಿರಲಿಲ್ಲ, ಸಡ್ಬರಿ ವೂಲ್ವ್ಸ್ ಅನ್ನೋ ಒಂದು ಊರಿನ ಕ್ಲಬ್ ತಂಡ ಹೋಗಿತ್ತು. ಸ್ಕೋರ್ 47–0. ಇದಾದ ಮೇಲೆ ಡೆನ್ಮಾರ್ಕ್ ವಿಶ್ವ ಚಾಂಪಿಯನ್‌ಷಿಪ್‌ಗೆ ಮತ್ತೆ ಬಂದಿದ್ದು 1962ರಲ್ಲಿ. ಹದಿಮೂರು ವರ್ಷ. ಆ ಹದಿಮೂರು ವರ್ಷ ನನ್ನ ತಮ್ಮನ ಜೆರ್ಸಿ ಥರ ಅಟ್ಟದ ಮೇಲೇ ಇತ್ತು ಅನ್ಕೊಳ್ಳಿ.

1962ರಲ್ಲಿ ಬಂದಿದ್ದೂ ಕೆಳಗಿನ ದರ್ಜೆಗೆ. ಅಲ್ಲೇ ಹತ್ತೋದು ಇಳಿಯೋದು, ನಾಲ್ಕು ದಶಕ. ಐಸ್ ಹಾಕಿಯ ವಿಶ್ವ ಟೂರ್ನಿಗಳು ಒಂಥರಾ ಮೆಟ್ಟಿಲು: ಕೆಳಗಿನ ದರ್ಜೇಲಿ ಗೆದ್ದೋರು ಮೇಲೆ, ಮೇಲೆ ಕೊನೇ ಸ್ಥಾನ ಬಂದೋರು ಕೆಳಗೆ. ಮೇಲಿನ ದರ್ಜೆಗೆ ಡೆನ್ಮಾರ್ಕ್ ವಾಪಸ್ ಕಾಲಿಟ್ಟಿದ್ದು 2003ರಲ್ಲಿ, 54 ವರ್ಷ ಆದ್ಮೇಲೆ. ಮೊದಲ ಪಂದ್ಯದಲ್ಲೇ ಅಮೆರಿಕವನ್ನ 5–2ರಲ್ಲಿ ಸೋಲಿಸಿದ್ರು. ಅದೇ ಟೂರ್ನೀಲಿ ಕೆನಡಾ ಜೊತೆ 2–2 ಸಮ.

ಆದ್ರೆ ಇದಕ್ಕಿಂತ ನನಗೆ ಮುಖ್ಯ ಅನ್ನಿಸೋದು ಅವರ ಜೂನಿಯರ್ ತಂಡ. 20 ವರ್ಷದೊಳಗಿನವರ ವಿಶ್ವ ಟೂರ್ನೀಲಿ ಮೇಲಿನ ದರ್ಜೆ ಅಂದ್ರೆ ಹತ್ತೇ ದೇಶ. ಕೆನಡಾ, ಅಮೆರಿಕ, ರಷ್ಯಾ, ಸ್ವೀಡನ್, ಫಿನ್ಲೆಂಡ್ ಅಂತ ದೊಡ್ಡೋರು ಕೂತ್ಕೊಂಡ್ರೆ ಉಳಿಯೋ ಜಾಗ ಬೆರಳೆಣಿಕೆ. 2008ರಲ್ಲಿ ಡೆನ್ಮಾರ್ಕಿನ ಹುಡುಗರು ಅಲ್ಲಿಗೆ ಹತ್ತಿದ್ರು, ಎಲ್ಲ ಸೋತು ಇಳಿದ್ರು. ಆ ಸೋತ ತಂಡದಲ್ಲಿ ಲಾರ್ಸ್ ಎಲ್ಲರ್ ಅನ್ನೋ ಹುಡುಗ ಇದ್ದ. ಹತ್ತು ವರ್ಷ ಬಿಟ್ಟು, 2018ರಲ್ಲಿ, ವಾಷಿಂಗ್ಟನ್ ತಂಡಕ್ಕೆ ಆಡ್ತಾ ಸ್ಟ್ಯಾನ್ಲಿ ಕಪ್ ಫೈನಲ್ಲಿನ ಕೊನೇ ಪಂದ್ಯದ ಗೆಲುವಿನ ಗೋಲು ಹೊಡೆದದ್ದು ಇವನೇ. ಆ ಕಪ್ ಗೆದ್ದ ಮೊದಲ ಡೆನ್ಮಾರ್ಕಿನವನು. 2012ರಲ್ಲಿ ಜೂನಿಯರ್‌ಗಳು ಮತ್ತೆ ಹತ್ತಿದ್ರು, ಮತ್ತೆ ಇಳಿದ್ರು.

ಮೂರನೇ ಸಲ, 2015ರಲ್ಲಿ, ಉಳ್ಕೊಂಡ್ರು. ಆಗ ತಂಡದಲ್ಲಿ ನಿಕೊಲಾಯ್ ಎಲರ್ಸ್ ಅನ್ನೋ ಹದಿನೆಂಟರ ಹುಡುಗ. ಸ್ವಿಟ್ಜರ್ಲೆಂಡನ್ನ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿದ್ರು. ಅಲ್ಲಿ ಟೊರಾಂಟೋದಲ್ಲಿ, ಕೆನಡಾ ಜನ ತುಂಬಿದ್ದ ಸ್ಟೇಡಿಯಮ್ಮಲ್ಲಿ, ಕೆನಡಾ ವಿರುದ್ಧ 8–0ರಲ್ಲಿ ಸೋತ್ರು. ಎರಡು ವರ್ಷ ಕಳೆದು, 2017ರ ಟೂರ್ನೀಲಿ, ಇದೇ ಡೆನ್ಮಾರ್ಕ್ ಜೂನಿಯರ್‌ಗಳು ಹಿಂದಿನ ವರ್ಷದ ಚಾಂಪಿಯನ್ ಫಿನ್ಲೆಂಡನ್ನ 3–2ರಲ್ಲಿ ಕೆಡವಿದ್ರು. ಫಿನ್ಲೆಂಡ್ ಗಾಬರಿಯಾಗಿ ಟೂರ್ನಿ ಮಧ್ಯದಲ್ಲೇ ಕೋಚನ್ನ ಕಿತ್ತುಹಾಕಿತು. ಡೆನ್ಮಾರ್ಕ್ ಐದನೇ ಸ್ಥಾನ. ಆಗ ಆ ತಂಡದ ಕೋಚ್ ಯಾರು ಗೊತ್ತಾ? ಓಲಫ್ ಎಲ್ಲರ್, ಮೇಲೆ ಹೇಳಿದ ಲಾರ್ಸ್ ಎಲ್ಲರ್ ಅವರ ಅಪ್ಪ. ಚಿಕ್ಕ ದೇಶ ಅಂದ್ರೆ ಹಿಂಗೇ, ಎಲ್ಲ ನೆಂಟರಿಷ್ಟರಲ್ಲೇ ನಡೆಯುತ್ತೆ.

ಇಲ್ಲಿಂದ ಮೇಲಕ್ಕೇ ಹೋದ್ರು ಅಂದ್ಕೊಂಡ್ರಾ? 2019ರಲ್ಲಿ ಇದೇ ಜೂನಿಯರ್ ತಂಡ ಕೆನಡಾ ವಿರುದ್ಧ 14–0ರಲ್ಲಿ ಸೋತು, ಕೊನೆಗೆ ಕಜಕಸ್ತಾನದ ಎದುರು ಕೂಡ ಸೋತು ಕೆಳಗಿನ ದರ್ಜೆಗೆ ಬಿತ್ತು. ಚಿಕ್ಕ ದೇಶಕ್ಕೆ ಒಂದು ಒಳ್ಳೆ ಬ್ಯಾಚು ಬರುತ್ತೆ, ಅವರಿಗೆ ಇಪ್ಪತ್ತು ತುಂಬುತ್ತೆ, ಮುಂದಿನ ಬ್ಯಾಚಲ್ಲಿ ಅಷ್ಟು ಜನ ಇರಲ್ಲ. ನಮ್ಮ ಹೈಸ್ಕೂಲ್ ಟೀಮುಗಳ ಕಥೆಯೂ ಅದೇ ಅಲ್ವಾ. ಹತ್ತನೇ ಕ್ಲಾಸಿನ ಆ ಮೂವರು ಪಾಸಾಗಿ ಹೋದ ವರ್ಷ ಎಲ್ಲ ಮುಗಿದಂಗೆ.

ಈಗ ಕೊನೇ ದೃಶ್ಯ. 2025ರ ಮೇ 22, ಡೆನ್ಮಾರ್ಕಿನ ಹೆರ್ನಿಂಗ್. ಸುಮಾರು 50 ಸಾವಿರ ಜನಸಂಖ್ಯೆಯ ಊರು, ನಮ್ಮ ಮಂಡ್ಯ ಸಿಟಿಯ ಅರ್ಧಕ್ಕಿಂತ ಚಿಕ್ಕದು. ದೊಡ್ಡವರ ವಿಶ್ವ ಚಾಂಪಿಯನ್‌ಷಿಪ್, ಕ್ವಾರ್ಟರ್ ಫೈನಲ್, ಎದುರಿಗೆ ಕೆನಡಾ. ಈ ಸಲ ಕ್ಲಬ್ ತಂಡ ಅಲ್ಲ. ಸಿಡ್ನಿ ಕ್ರಾಸ್ಬಿ ಇದ್ದ, ನೇಥನ್ ಮೆಕಿನನ್ ಇದ್ದ. ನಮ್ಮ ಲೆಕ್ಕದಲ್ಲಿ ಕೊಹ್ಲಿ, ಬುಮ್ರಾ ಇದ್ದಂಗೆ. ಕೆನಡಾ 1–0 ಮುಂದೆ. ಕೊನೆಯ ಎರಡು ನಿಮಿಷ ಚಿಲ್ಲರೆ ಉಳಿದಿದೆ. ಒಬ್ಬ ಗೋಲು ಹೊಡೆದು 1–1 ಮಾಡಿದ. ಯಾರು? ಹತ್ತು ವರ್ಷದ ಹಿಂದೆ ಟೊರಾಂಟೋದಲ್ಲಿ 8–0 ಸೋತಾಗ ಅಲ್ಲೇ ಇದ್ದ ನಿಕೊಲಾಯ್ ಎಲರ್ಸ್. ಇನ್ನು 49 ಸೆಕೆಂಡ್ ಇರೋವಾಗ ನಿಕ್ ಓಲೆಸನ್ ಇನ್ನೊಂದು ಹೊಡೆದ. ಡೆನ್ಮಾರ್ಕ್ 2, ಕೆನಡಾ 1.

47–0 ಆಗಿ 76 ವರ್ಷ. ಮುಂದೆ ಸೆಮಿಫೈನಲಲ್ಲಿ ಸ್ವಿಟ್ಜರ್ಲೆಂಡ್ ಇವರನ್ನ 7–0ರಲ್ಲಿ ತೊಳೆದುಹಾಕಿತು ಅನ್ನೋದನ್ನೂ ಹೇಳಿಬಿಡ್ತೀನಿ, ಆಮೇಲೆ ನೀವೇ ಹುಡುಕಿ ಕಾಮೆಂಟ್ ಹಾಕ್ತೀರಾ.

ಭಾಗ 6

ಈಗ ಸ್ವಲ್ಪ ನಮ್ಮ ಕಡೆ ತಿರುಗೋಣ. ಇದು ಐಸ್ ಅಲ್ಲ, ಹುಲ್ಲು.

1932, ಲಾಸ್ ಏಂಜಲೀಸ್ ಒಲಿಂಪಿಕ್ಸ್, ಹಾಕಿ. ಭಾರತ 24, ಅಮೆರಿಕ 1. ರೂಪ್ ಸಿಂಗ್ 10, ಅಣ್ಣ ಧ್ಯಾನ್‌ಚಂದ್ 8. ಕ್ವಿಜ್‌ಗೆ ಹೋದೋರಿಗೆಲ್ಲ ಇದು ಬಾಯಿಪಾಠ. ಎದೆ ಉಬ್ಬಿಸ್ಕೊಂಡು ಹೇಳ್ತೀವಿ. ಆ ಒಂದು ಗೋಲು ಹೆಂಗಾಯ್ತು ಅಂದ್ರೆ, ನಮ್ಮ ಗೋಲ್‌ಕೀಪರ್ ಆಟೋಗ್ರಾಫ್ ಕೊಡ್ತಾ ನಿಂತಿದ್ದರಂತೆ ಅನ್ನೋ ಕಥೆ ಬೇರೆ ಸೇರಿಸ್ತೀವಿ. ಇದೂ ಒಂದು ನಗೋ ಎಮೋಜಿನೇ.

ಆ ಅಮೆರಿಕ ತಂಡ ಯಾರು ಅಂತ ನಾನು ಇದುವರೆಗೆ ಕೇಳ್ಕೊಂಡೇ ಇರಲಿಲ್ಲ. ಆರ್ಥಿಕ ಕುಸಿತದ ಕಾಲ, ಅಷ್ಟು ದೂರ ಹಡಗಲ್ಲಿ ಬರೋಕೆ ಯುರೋಪಿನ ತಂಡಗಳಿಗೆ ಆಗಲಿಲ್ಲ. ಹಾಕಿಗೆ ಬಂದಿದ್ದೇ ಮೂರು ದೇಶ: ಭಾರತ, ಜಪಾನ್, ಆತಿಥೇಯ ಅಮೆರಿಕ. ಅಮೆರಿಕದವರಿಗೆ ಆ ಆಟ ಹೆಚ್ಚುಕಮ್ಮಿ ಹೊಸದು. ಜಪಾನ್ ಕೈಲಿ 9–2, ನಮ್ಮ ಕೈಲಿ 24–1. ಎರಡೂ ಸೋತು, ಮೂರರಲ್ಲಿ ಮೂರನೆಯವರಾಗಿ ಕಂಚಿನ ಪದಕ ಹಾಕ್ಕೊಂಡು ಮನೆಗೆ ಹೋದ್ರು! ಒಲಿಂಪಿಕ್ ಪದಕ ಕಣ್ರೀ. ನಗೋದು ಯಾರನ್ನ ನೋಡಿ ಅಂತ ಗೊತ್ತಾಗ್ತಿಲ್ಲ.

ಇನ್ನೊಂದು ಕಡೆಗೂ ನಾವು ನಿಂತಿದ್ದೀವಿ. 1952, ಹೆಲ್ಸಿಂಕಿ ಒಲಿಂಪಿಕ್ಸ್, ಫುಟ್‌ಬಾಲ್. ಯುಗೋಸ್ಲಾವಿಯಾ 10, ಭಾರತ 1. ನಮ್ಮವರಲ್ಲಿ ಬಹಳಷ್ಟು ಜನ ಬರಿಗಾಲಲ್ಲಿ ಆಡಿದ್ರು. ಆ ಒಂದು ಗೋಲು ಹೊಡೆದವರು ಅಹ್ಮದ್ ಖಾನ್, ನಮ್ಮ ಬೆಂಗಳೂರಿನವರು. ಕಲ್ಕತ್ತಾದ ಈಸ್ಟ್ ಬೆಂಗಾಲ್ ತಂಡದಲ್ಲಿ ‘ಪಂಚಪಾಂಡವರು’ ಅಂತ ಕರೀತಿದ್ದ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರು. ಹತ್ತು ಗೋಲು ತಿಂದ ಮೇಲೂ ಪಂದ್ಯದ ಕೊನೇ ಗಳಿಗೇಲಿ ಓಡಿ ಹೋಗಿ ಒಂದು ಹೊಡೆದವರ ಬಗ್ಗೆ ಬೆಂಗಳೂರಲ್ಲಿ ಹುಟ್ಟಿ ಬೆಳೆದ ನನ್ನ ಎಷ್ಟು ಫ್ರೆಂಡ್ಸ್‌ಗೆ ಗೊತ್ತು? ಈ ಸೋಲಾದ ಮೇಲೆ ಬೂಟು ಹಾಕಿ ಆಡೋದು ಕಡ್ಡಾಯ ಆಯ್ತು. ನಾಲ್ಕೇ ವರ್ಷ. 1956ರ ಮೆಲ್ಬರ್ನ್‌ನಲ್ಲಿ, ಅದೇ ಕೋಚ್ ಎಸ್.ಎ. ರಹೀಮ್ ಕೈಕೆಳಗೆ, ಭಾರತ ಒಲಿಂಪಿಕ್ಸ್ ಸೆಮಿಫೈನಲ್ ತಲುಪಿತು. ಅಲ್ಲಿ ಎದುರಾದದ್ದು ಮತ್ತೆ ಯುಗೋಸ್ಲಾವಿಯಾ. ಸೋತ್ವಿ. ಆದ್ರೆ 4–1.

ಭಾಗ 7

ಈಗ ನೇರ ವಿಷಯಕ್ಕೆ. ಐಸ್ ಹಾಕೀಲಿ ಭಾರತ ಏನು? 140 ಕೋಟಿ ಜನರ ಚಿಕ್ಕ ದೇಶ.

ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟಕ್ಕೆ ಭಾರತ ಸೇರಿದ್ದು 1989ರಲ್ಲಿ. ಥಾಯ್ಲೆಂಡ್ ಸೇರಿದ್ದೂ ಅದೇ ವರ್ಷ. ಶಿಮ್ಲಾದಲ್ಲಿ 1920ರಿಂದಲೇ ಸಹಜ ಐಸಿನ ರಿಂಕ್ ಇತ್ತು, ಅದು ಬ್ರಿಟಿಷರ ಕಾಲದ ಮೋಜು. ಆಟ ನಿಜವಾಗಿ ಬೇರು ಬಿಟ್ಟಿದ್ದು ಲಡಾಖಲ್ಲಿ. ಅಲ್ಲಿ ಸೈನಿಕರ ಆಟ ನೋಡಿ ಊರ ಹುಡುಗರು ಕಲಿತ್ರು, ಸೈನ್ಯದ ಹಳೇ ಬೂಟಿಗೆ ಕಬ್ಬಿಣದ ಬ್ಲೇಡ್ ಬಡಿದುಕೊಂಡು ಕೆರೆ ಮೇಲೆ ಇಳಿದ್ರು. 11 ಸಾವಿರ ಅಡಿಗೂ ಮೇಲಿನ ಊರು ಲೇಹ್. ಕೆರೆ ಗಟ್ಟಿಯಾಗೋದು ವರ್ಷಕ್ಕೆ ಎರಡು ತಿಂಗಳು ಅಷ್ಟೇ, ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಇಡೀ ಲಡಾಖಿನ ಜನಸಂಖ್ಯೆ 2011ರಲ್ಲಿ 2 ಲಕ್ಷ 74 ಸಾವಿರ. ನಮ್ಮ ಮಂಡ್ಯ ಜಿಲ್ಲೆಯ ಆರನೇ ಒಂದು ಭಾಗಕ್ಕಿಂತ ಕಡಿಮೆ. ಭಾರತ ತಂಡ ಅಂತ ಹೊರದೇಶಕ್ಕೆ ಹೋಗೋದು ಬಹುಪಾಲು ಈ ಮಕ್ಕಳೇ.

ಪೂರ್ತಿ ಅಳತೆಯ ಒಳಾಂಗಣ ರಿಂಕ್ ಒಂದು ಇತ್ತು, ಡೆಹ್ರಾಡೂನಲ್ಲಿ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಅಂತ ಕಟ್ಟಿದ್ರು. ಕೂಟ ಮುಗೀತು, ಸ್ವಲ್ಪ ಕಾಲಕ್ಕೆ ಬೀಗ ಬಿತ್ತು. ಮತ್ತೆ ತೆರೆದದ್ದು 2025ರಲ್ಲಿ. ಈ ಮಧ್ಯೆ ಹತ್ತಕ್ಕೂ ಹೆಚ್ಚು ವರ್ಷ, ಅಂದ್ರೆ ಐದು ವರ್ಷದ ಮಗು ಬೆಳೆದು ಜೂನಿಯರ್ ತಂಡದ ವಯಸ್ಸು ದಾಟೋವಷ್ಟು ಕಾಲ. ದುಡ್ಡು ಸುರಿದು ಕಟ್ಟಿ ಬೀಗ ಹಾಕೋದು ನಮಗೆ ಹೊಸದಲ್ಲ ಬಿಡಿ, ಪ್ರತಿ ತಾಲ್ಲೂಕಲ್ಲೂ ಇಂಥ ಒಂದು ಕಟ್ಟಡ ತೋರಿಸಬಹುದು.

ಹುಡುಗೀರ ಕಥೆ ಕೇಳಿ. 2016ರಲ್ಲಿ ಮಹಿಳಾ ತಂಡ ಮೊದಲ ಸಲ ಏಷ್ಯಾ ಚಾಲೆಂಜ್ ಕಪ್‌ಗೆ ತೈಪೆಗೆ ಹೋಗಬೇಕಿತ್ತು. ದುಡ್ಡಿರಲಿಲ್ಲ. ಜನರ ಹತ್ರ ಆನ್‌ಲೈನಲ್ಲಿ ಚಂದಾ ಎತ್ತಿ ಹೋದ್ರು. ವರ್ಷಕ್ಕೆ ಎರಡು ತಿಂಗಳು ಕೆರೆ ಮೇಲೆ ಆಡಿದೋರು, ವರ್ಷಪೂರ್ತಿ ರಿಂಕಲ್ಲಿ ಆಡಿದೋರ ಎದುರು. ಒಂದೂ ಗೆಲ್ಲಲಿಲ್ಲ. ಮುಂದಿನ ವರ್ಷ, 2017ರಲ್ಲಿ, ಬ್ಯಾಂಕಾಕ್. ಹೌದು, ನಾನು ನಕ್ಕಿದ್ದ ಅದೇ ಥಾಯ್ಲೆಂಡ್ ಈಗ ಆತಿಥೇಯ, ರಿಂಕ್ ಅವರದ್ದು. ಅಲ್ಲಿ ಫಿಲಿಪ್ಪೀನ್ಸನ್ನ 4–3ರಲ್ಲಿ ಸೋಲಿಸಿ ಭಾರತದ ಹುಡುಗೀರು ಮೊದಲ ಅಂತಾರಾಷ್ಟ್ರೀಯ ಗೆಲುವು ಕಂಡ್ರು. 2018ರಲ್ಲಿ ಕೆನಡಾದ ಒಲಿಂಪಿಕ್ ಚಾಂಪಿಯನ್ ಹೇಲಿ ವಿಕನ್‌ಹೈಸರ್ ಲಡಾಖಿಗೇ ಬಂದು ಮಕ್ಕಳಿಗೆ ಕಲಿಸಿ ಹೋದ್ರು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಭಾರತಕ್ಕೆ ಕಂಚು. ಹೆಡ್‌ಲೈನ್ ನೋಡಿದ ನೆನಪು ನಿಮಗಿದೆಯಾ? ನನಗಿಲ್ಲ. ಆಗ ಐಪಿಎಲ್ ಫೈನಲ್ ವಾರ, ನಾವೆಲ್ಲ ‘ಈ ಸಲ ಕಪ್ ನಮ್ದೇ’ ಅಂತ ಕುಣೀತಿದ್ವಿ. ಅದೂ ಬೇಕಾಗಿತ್ತು ಬಿಡಿ, ಹದಿನೆಂಟು ವರ್ಷ ಕಾದಿದ್ವಿ.

ಕರ್ನಾಟಕದವರು ಈ ಲೋಕದಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಹಿಮದ ಮೇಲೆ ದೂರದ ಓಟದ ಸ್ಕೀಯಿಂಗ್ ಮಾಡೋರು. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ನಮ್ಮ ರಾಜ್ಯಕ್ಕೆ ಚಿನ್ನ ತಂದಿದ್ದಾರೆ. ಕಾಫಿ ತೋಟದ ಜಿಲ್ಲೆಯಿಂದ ಹಿಮಕ್ಕೆ! ಅವರ ಬಗ್ಗೆ ಬೇರೆ ಸರಣೀನೇ ಬರೀಬೇಕು.

ಭಾಗ 8

ಜೆರ್ಸಿ ಅಟ್ಟದಿಂದ ಇಳೀತು ಅಂತ ಬರೆದ್ರೆ ಚೆನ್ನಾಗಿರ್ತಿತ್ತು. ಇನ್ನೂ ಇಳಿದಿಲ್ಲ. ಡೆನ್ಮಾರ್ಕ್ ಕಥೆ ಕೇಳಿ ಅವನು ಅಂದಿದ್ದು, "ಅಕ್ಕ, 76 ವರ್ಷ ಅಂದ್ರೆ ನಾನು ತಾತ ಆಗಿರ್ತೀನಿ." ಅದೂ ನಿಜಾನೇ. ನನ್ನ ಹತ್ರ ಉತ್ತರ ಇರಲಿಲ್ಲ.

ನಾನು ನನ್ನ ಹಳೇ ಸ್ಟೋರಿ ಹುಡುಕಿ ಡಿಲೀಟ್ ಮಾಡಿದೆ. ಅವನ ಸ್ಕೋರ್‌ಬೋರ್ಡ್ ಸ್ಟೇಟಸ್ ಹಾಕಿದ ಹುಡುಗ ಯಾರು ಅಂತ ಗೊತ್ತಾಗಿದೆ, ಹೆಸರು ಹಾಕಲ್ಲ. ಅವನೂ ಈ ಪೇಜ್ ಫಾಲೋ ಮಾಡ್ತಾನೆ. ಓದ್ತಿದ್ರೆ, ಭಾಗ 4 ಇನ್ನೊಂದ್ಸಲ ಓದು ಮಗಾ.

ನಿನ್ನೆ ರಾತ್ರಿ ಊಟ ಆದ್ಮೇಲೆ ತಮ್ಮ ಬಂದು, "ಆ 57 ಹೆಂಗೆ ಲೆಕ್ಕ ಮಾಡಿದ್ದು, ಇನ್ನೊಂದ್ಸಲ ಹೇಳು" ಅಂದ. ಹೇಳಿದೆ. ನೋಟ್‌ಬುಕ್ಕಿನ ಹಿಂದಿನ ಹಾಳೆ ಹರಿದು, ಕೂತು ಏನೋ ಬರೀತಾ ಇದ್ದ. ಅವರ ತಂಡದ 9 ಪಾಯಿಂಟು ಯಾರು ಯಾರು ತಗೊಂಡ್ರು ಅಂತ ಒಂದೊಂದೇ ನೆನಪು ಮಾಡ್ಕೊಂಡು ಪಟ್ಟಿ. ಎರಡು ಬೋನಸ್. ನಾಲ್ಕು ರೇಡ್ ಪಾಯಿಂಟು, ಎಲ್ಲ ಕ್ಯಾಪ್ಟನ್‌ದು. ಮೂರು ಟ್ಯಾಕಲ್, ಅದರ ಎದುರಿಗೆ ಅವನ ಹೆಸರು.

ಕೊನೇ ಫೋಟೋ ಆ ಹಾಳೇದು. ಅವನ ಪರ್ಮಿಷನ್ ತಗೊಂಡೇ ಹಾಕಿದ್ದೀನಿ, ಹೆಸರುಗಳ ಮೇಲೆ ಬೆರಳಿಟ್ಟು.